ಪುಸ್ತಕ ತೆರೆದಾಗ ಬರುವ ಕಣ್ಣೀರು

ನನ್ನ ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಅಳುವವರು ಇಬ್ಬರು ಎಂದು ನಾನು ತಿಳಿದಿದ್ದೆ. ಒಬ್ಬ ನಾನು, ಇನ್ನೊಬ್ಬಳು ಒಂಬತ್ತು ವರ್ಷದ ನನ್ನ ಮೊಮ್ಮಗಳು. ಮಗಳಿಗೆ ಅಳಲು ಪುರುಸೊತ್ತಿರಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಯಂತ್ರದ ಮುಂದೆ ದಿನಕ್ಕೆ ಒಂಬತ್ತು ಗಂಟೆ ನಿಂತು ಬರುವವಳು ಅವಳು. ಅಳಿಯ ಲಾರಿ ಓಡಿಸುವವನು. ತಿಂಗಳಿಗೆ ಎರಡು ಭಾನುವಾರ ಮನೆಯಲ್ಲಿದ್ದರೆ ಹೆಚ್ಚು.

ನಾನೂ ನನ್ನ ಹೆಂಡತಿಯೂ ಒಂದೇ ಅಚ್ಚುಮನೆಯಲ್ಲಿ ಮೂವತ್ತೆಂಟು ವರ್ಷ ದುಡಿದವರು. ನಾನು ಕರಡು ತಿದ್ದುವವನು, ಅವಳು ಓದುವವಳು. ಈಗಿನವರಿಗೆ ಈ ಕೆಲಸ ಗೊತ್ತಿರಲಾರದು. ಬರೆದವರ ಕೈಬರಹವನ್ನು ಒಬ್ಬರು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಕಣ್ಣು ನೆಟ್ಟು ಕೂತು, ವ್ಯತ್ಯಾಸ ಕಂಡಲ್ಲಿ ಗುರುತು ಹಾಕಬೇಕು. ಓದುವವರು ಚಿಹ್ನೆಗಳನ್ನೂ ಬಿಡುವಂತಿಲ್ಲ. "ಅವನು ಬಂದನು ಅಲ್ಪವಿರಾಮ ಕುಳಿತನು ಪೂರ್ಣವಿರಾಮ" ಎಂದು ಓದುತ್ತ ಹೋಗಬೇಕು. ಮೂವತ್ತೆಂಟು ವರ್ಷ ಆ ಧ್ವನಿಯನ್ನು ಕೇಳುತ್ತ ನಾನು ಕಾಗದ ನೋಡಿದೆ. ಅವಳ ಮುಖ ನೋಡಿದ್ದಕ್ಕಿಂತ ಅವಳ ದನಿ ಕೇಳಿದ್ದೇ ಹೆಚ್ಚೆನ್ನಬೇಕು.

ಕೆಲಸ ಬಿಟ್ಟ ಮೇಲೂ ಆ ಪದ್ಧತಿ ಮನೆಯಲ್ಲಿ ಉಳಿಯಿತು. ಪತ್ರಿಕೆ ಬಂದರೆ ಅವಳು ಓದುತ್ತಿದ್ದಳು, ನಾನು ಕೇಳುತ್ತಿದ್ದೆ. ಸಂಜೆಯ ಪ್ರಾರ್ಥನೆ ಪುಸ್ತಕವನ್ನೂ ಅವಳೇ ಓದುತ್ತಿದ್ದಳು. ಮೊಮ್ಮಗಳು ಶಾಲೆಗೆ ಸೇರಿದಾಗ ಅವಳ ಪಾಠವನ್ನೂ ಅಜ್ಜಿಯೇ ಓದಿದಳು. ಮಗು ಪಕ್ಕದಲ್ಲಿ ಕೂತು, ಕಾಲು ಆಡಿಸುತ್ತ, ಕೇಳಿದ್ದನ್ನು ಕೇಳಿದ ಹಾಗೆಯೇ ಒಪ್ಪಿಸುತ್ತಿದ್ದಳು. ಎರಡು ಸಲ ಕೇಳಿದರೆ ಸಾಕು, ಒಂದು ಪುಟ ಬಾಯಿಗೆ ಬರುತ್ತಿತ್ತು. ಒಂದು ದಿನ ತರಗತಿಯಲ್ಲಿ ಎದ್ದು ನಿಂತು, "ನದಿ ಬೆಟ್ಟದಲ್ಲಿ ಹುಟ್ಟುತ್ತದೆ ಪೂರ್ಣವಿರಾಮ" ಎಂದು ಒಪ್ಪಿಸಿದಳಂತೆ. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತಂತೆ. ಮನೆಗೆ ಬಂದು, "ಅಜ್ಜಿ, ಅವರು ಯಾಕೆ ನಕ್ಕರು? ನಾನು ಒಂದೂ ಬಿಡಲಿಲ್ಲ" ಎಂದು ಕೇಳಿದಳು. ಅಜ್ಜಿಗೆ ಹೆಮ್ಮೆ. ಅವತ್ತಿನಿಂದ ಮಗುವಿಗೆ ಮನೆಯಲ್ಲಿ ಗಿಣಿ ಎಂದೇ ಹೆಸರಾಯಿತು.

ಗಿಣಿಯ ಕಣ್ಣಿನ ಬಗ್ಗೆಯೂ ಅಜ್ಜಿಗೆ ಹೆಮ್ಮೆಯೇ. ನಮ್ಮ ಮನೆ ಮೂರನೇ ಮಹಡಿಯಲ್ಲಿದೆ. ತಿರುವಿನಲ್ಲಿ ಬಸ್ಸು ಕಾಣಿಸುತ್ತಲೇ ಮಗು ಕಿಟಕಿಯಿಂದ ಅದರ ನಂಬರು ಹೇಳಿಬಿಡುತ್ತಿದ್ದಳು. ನನಗೆ ಅದು ಬಸ್ಸೋ ಲಾರಿಯೋ ಎಂಬುದೂ ತಿಳಿಯುತ್ತಿರಲಿಲ್ಲ. ಶಾಲೆಯಲ್ಲಿ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಮಾಡುತ್ತಿದ್ದರು. ಇಪ್ಪತ್ತು ಅಡಿ ದೂರದಲ್ಲಿ ಅಕ್ಷರದ ಪಟ್ಟಿ ನೇತುಹಾಕಿ, ಒಂದು ಕಣ್ಣು ಮುಚ್ಚಿಸಿ ಓದಿಸುತ್ತಿದ್ದರು. ಗಿಣಿ ಪ್ರತಿ ವರ್ಷವೂ ಕೊನೆಯ ಸಾಲನ್ನು ತಡವರಿಸದೆ ಓದಿದಳು. "ದೃಷ್ಟಿ ಉತ್ತಮ" ಎಂದು ಚೀಟಿ ಬಂತು. ಆ ಚೀಟಿಗಳನ್ನು ಅಜ್ಜಿ ಒಂದರ ಮೇಲೊಂದು ಜೋಡಿಸಿ ಇಟ್ಟಿದ್ದಳು.

ಅವಳು ಹೋದ ಮೇಲೆ ಪಾಠ ಓದಿಹೇಳುವವರು ಇಲ್ಲವಾದರು. ನನಗೆ ಗಟ್ಟಿಯಾಗಿ ಓದಿ ರೂಢಿಯಿಲ್ಲ. ಓದಲು ಹೊರಟರೆ ಎರಡು ಸಾಲಿಗೇ ಪುಸ್ತಕ ಮುಚ್ಚಿಬಿಡುತ್ತಿದ್ದೆ. "ನೀನೇ ಓದಿಕೋ ಪುಟ್ಟಿ" ಎಂದೆ. ಅವಳು ಪುಸ್ತಕ ತೆರೆದು ಕೂರುತ್ತಿದ್ದಳು. ಕಾಲು ಗಂಟೆ ಕಳೆಯುವುದರೊಳಗೆ ಹಣೆ ಉಜ್ಜುವಳು, ಕಣ್ಣು ತಿಕ್ಕುವಳು. ಆಮೇಲೆ ಕಣ್ಣೀರು ಸುರಿಯುತ್ತಿತ್ತು. ಬಿಕ್ಕಳಿಕೆಯಿಲ್ಲ, ಸದ್ದಿಲ್ಲ, ಸುಮ್ಮನೆ ಎರಡೂ ಕೆನ್ನೆಯ ಮೇಲೆ ಇಳಿಯುತ್ತಿತ್ತು. ಅಜ್ಜಿ ಓದಿಸುತ್ತಿದ್ದ ಪುಸ್ತಕ ಕಂಡು ಮಗುವಿನ ಕರುಳು ಹಿಂಡುತ್ತಿದೆ ಎಂದು ನಾನು ತಿಳಿದೆ. ಹತ್ತಿರ ಕೂತು ತಲೆ ಸವರುತ್ತಿದ್ದೆ. ಅವಳು ಸುಮ್ಮನಿರುತ್ತಿದ್ದಳು. ಸಂಜೆ ಪ್ರಾರ್ಥನೆ ಪುಸ್ತಕವನ್ನೂ ಅವಳ ಕೈಗೇ ಕೊಡುತ್ತಿದ್ದೆ. ನಾಲ್ಕು ಸಾಲು ದಾಟುವಷ್ಟರಲ್ಲಿ ಅವಳ ಕಣ್ಣು ತುಂಬುತ್ತಿತ್ತು, ಅದನ್ನು ನೋಡಿ ನನ್ನದೂ ತುಂಬುತ್ತಿತ್ತು. ಇಬ್ಬರೂ ಹಾಗೆಯೇ ಕೂತಿರುತ್ತಿದ್ದೆವು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು: ಸಂಜೆಯಾಗುವುದನ್ನೇ ನಾನು ಕಾಯುತ್ತಿದ್ದೆ. ದೇವರು ಒಬ್ಬಳನ್ನು ಕರೆದುಕೊಂಡರೂ ನನ್ನ ದುಃಖಕ್ಕೆ ಒಂದು ಜೊತೆ ಕೊಟ್ಟಿದ್ದಾನೆ ಎಂದು ಕೈಮುಗಿಯುತ್ತಿದ್ದೆ.

ಮೂರನೇ ತಿಂಗಳಲ್ಲಿ ಶಾಲೆಯ ಮೇಡಂ ಕರೆಸಿದರು. ಮಗಳಿಗೆ ರಜೆ ಸಿಗದೆ ನಾನೇ ಹೋದೆ.

"ನೋಡಿ ಯಜಮಾನರೇ, ಅಜ್ಜಿ ಹೋದ ಸಂಕಟ ಅಂತ ಇಷ್ಟು ದಿನ ತಡೆದೆ" ಎಂದರು ಮೇಡಂ. "ಪರೀಕ್ಷೆ ಕಾಗದದಲ್ಲಿ ಪ್ರಶ್ನೆನೇ ಓದಲ್ಲ. ಬೋರ್ಡ್ ಮೇಲೆ ಒಂದು ಚಿಕ್ಕ ಪ್ರಶ್ನೆ ಬರೆದ್ರೆ ಮಾತ್ರ ಪಟಪಟ ಅಂತ ಉತ್ತರ ಹೇಳ್ತಾಳೆ. ಪುಸ್ತಕ ಕೊಟ್ರೆ ಕಿಟಕಿ ನೋಡ್ತಾಳೆ. ಇದು ಸೋಮಾರಿತನವೋ ಹಟವೋ ನನಗಂತೂ ಗೊತ್ತಾಗ್ತಿಲ್ಲ."

"ದುಃಖ ಅಮ್ಮಾ. ಮನೆಯಲ್ಲೂ ಪುಸ್ತಕ ತೆಗೆದ್ರೆ ಅಳ್ತಾಳೆ."

"ಇರಬಹುದು. ಆದ್ರೆ ಇನ್ನೆಷ್ಟು ದಿನ? ಬರೋ ತಿಂಗಳು ಮೊದಲನೇ ಸೋಮವಾರ ಅವಳಿಗೆ ಗೊತ್ತಿಲ್ಲದ ಒಂದು ಪುಟ ಕೊಟ್ಟು ಓದಿಸ್ತೀನಿ. ಓದಿದ್ರೆ ಇಲ್ಲೇ ಇರ್ತಾಳೆ. ಇಲ್ಲ ಅಂದ್ರೆ ಕೆಳಗಿನ ತರಗತಿಗೆ ಕಳಿಸೋದು ಬಿಟ್ಟು ಬೇರೆ ದಾರಿ ಇಲ್ಲ."

ಮಗಳು ಇದನ್ನು ಕೇಳಿ ಹೆಗಲ ಚೀಲ ಕೆಳಗಿಟ್ಟಳು. ಆಮೇಲೆ, "ಬೋರ್ಡ್ ಓದ್ತಾಳೆ, ಪುಸ್ತಕ ಓದಲ್ಲ. ತಲೆನೋವು ಬೇರೆ ಅಂತಾಳೆ. ಅಪ್ಪಾ, ಕಣ್ಣು ತೋರಿಸೋಣ" ಎಂದಳು.

"ಕಣ್ಣಿಗೇನಾಗಿದೆ? ಬಸ್ಸಿನ ನಂಬರು..."

"ಬಸ್ಸಿನ ನಂಬರು ಓದಿ ಪಾಸಾಗೋಕಾಗುತ್ತಾ? ಗುರುವಾರಕ್ಕೆ ಹೇಳಿಡ್ತೀನಿ. ನಾನು ಡ್ಯೂಟಿಯಲ್ಲಿರ್ತೀನಿ, ನೀವೇ ಕರ್ಕೊಂಡು ಹೋಗಿ."

ಕಣ್ಣಿನ ಡಾಕ್ಟರಮ್ಮನ ಕೋಣೆ ಓಣಿಯಂತೆ ಉದ್ದಕ್ಕಿತ್ತು. ಒಂದು ಕೊನೆಯಲ್ಲಿ ಎತ್ತರಿಸಿ ಇಳಿಸುವ ಕುರ್ಚಿ, ಇನ್ನೊಂದು ಕೊನೆಯಲ್ಲಿ ದೀಪವಿಟ್ಟ ಅಕ್ಷರದ ಪಟ್ಟಿ. ಗಿಣಿ ಕುರ್ಚಿ ಏರಿ ಕೂತು ಕೊನೆಯ ಸಾಲನ್ನು ಒಂದೇ ಉಸಿರಿನಲ್ಲಿ ಓದಿದಳು.

"ನೋಡಿದ್ರಾ?" ಎಂದೆ ನಾನು.

"ನೋಡ್ದೆ. ನೀವೂ ಈಗ ನೋಡಿ" ಎಂದರು ಡಾಕ್ಟರಮ್ಮ. ದುಂಡನೆಯ, ಭಾರದ ಒಂದು ಖಾಲಿ ಚೌಕಟ್ಟನ್ನು ಮಗುವಿನ ಮೂಗಿನ ಮೇಲೆ ಕೂರಿಸಿ, ಎರಡು ಕಡೆಯೂ ಒಂದೊಂದು ಉಬ್ಬುಗಾಜು ಇಳಿಸಿದರು. "ಓದು ಪುಟ್ಟಿ."

ಗಿಣಿ ಮತ್ತೆ ಕೊನೆಯ ಸಾಲನ್ನು ಓದಿದಳು.

"ಇದು ವಯಸ್ಸಾದವರು ಹತ್ತಿರದ್ದು ಓದೋಕೆ ಹಾಕೋ ಗಾಜು. ಕಣ್ಣು ಸರಿಯಿರೋ ಮಗುಗೆ ಇದನ್ನ ಹಾಕಿದ್ರೆ ದೂರದ ಅಕ್ಷರ ಮಂಜಾಗಬೇಕು. ಇವಳಿಗೆ ಆಗಲೇ ಇಲ್ಲ. ಅಂದ್ರೆ ಈ ಗಾಜಿನ ಕೆಲಸವನ್ನ ಇಷ್ಟು ದಿನ ಇವಳ ಕಣ್ಣೇ ಮಾಡ್ತಾ ಇತ್ತು. ಗಾಜು ಬಂತು, ಕಣ್ಣು ಅಷ್ಟು ಭಾರ ಕೆಳಗಿಟ್ಟಿತು."

ಆಮೇಲೆ ದೀಪ ಆರಿಸಿ, ಬೆರಳುದ್ದದ ಒಂದು ಬೆಳಕಿನ ಕಡ್ಡಿಯನ್ನು ಮಗುವಿನ ಕಣ್ಣಿನ ಮೇಲೆ ಅತ್ತಿತ್ತ ಆಡಿಸಿದರು. ಕಣ್ಣಿನ ಪಾಪೆಯೊಳಗೆ ಕೆಂಡದ ಬಣ್ಣದ ಹೊಳಪು ಕಾಣಿಸಿತು. ಬೆಳಕು ಹೋದ ಕಡೆಗೇ ಆ ಹೊಳಪೂ ಜಾರಿತು. ಅವರು ಒಂದೊಂದೇ ಗಾಜು ಹಿಡಿದು ನೋಡಿದರು, ತಲೆ ಅಲ್ಲಾಡಿಸಿದರು.

"ಒಂದು ಸಲ ಎರಡು ಅನ್ನುತ್ತೆ, ಒಂದು ಸಲ ಮೂರು ಅನ್ನುತ್ತೆ. ನಿಲ್ತಾ ಇಲ್ಲ" ಎಂದರು. "ಯಜಮಾನರೇ, ಇವಳ ಕಣ್ಣುಗುಡ್ಡೆ ಇರಬೇಕಾದ್ದಕ್ಕಿಂತ ಸ್ವಲ್ಪ ಗಿಡ್ಡ. ಹೊರಗಿನ ಚಿತ್ರ ಕಣ್ಣಿನ ಪರದೆ ಮೇಲೆ ಕೂರೋ ಬದಲು ಅದರ ಹಿಂದಕ್ಕೆ ಹೋಗುತ್ತೆ. ಮಕ್ಕಳ ಕಣ್ಣಿನಲ್ಲಿ ಕಸುವು ಜಾಸ್ತಿ. ಹಿಂಡಿ ಹಿಂಡಿ ಮುಂದಕ್ಕೆ ತಂದ್ಕೊಳ್ತಾರೆ. ದೂರದ್ದಕ್ಕೆ ಹೇಗೋ ಸಾಕಾಗುತ್ತೆ. ಪುಸ್ತಕ ಹತ್ತಿರ ಬಂದ್ರೆ ದುಪ್ಪಟ್ಟು ಹಿಂಡ್ಬೇಕು. ತುಂಬಿದ ಕೊಡ ಕೈ ಚಾಚಿ ಹಿಡಿದ ಹಾಗೆ. ಎಷ್ಟು ಹೊತ್ತು ಹಿಡೀತಾಳೆ ಪಾಪ? ತಲೆನೋವು, ಕಣ್ಣಲ್ಲಿ ನೀರು, ಎಲ್ಲ ಅದಕ್ಕೇ."

"ನೀರು ಅದಕ್ಕಲ್ಲ" ಎಂದೆ.

"ಮತ್ತೆ?"

"ಅವಳ ಅಜ್ಜಿ ತೀರಿಕೊಂಡು ಇನ್ನೂ ಮೂರು ತಿಂಗಳು."

ಡಾಕ್ಟರಮ್ಮ ದೀಪ ಹಾಕಿದರು. ಅವರ ದನಿ ಮೆತ್ತಗಾಯಿತು. "ದುಃಖ ಇದ್ದೇ ಇರುತ್ತೆ. ಆದ್ರೆ ಈ ನೀರು ಆಯಾಸದ್ದು. ಕಣ್ಣಿಗೆ ಒಂದು ಹನಿ ಹಾಕ್ತೀನಿ. ಒಂದು ದಿನದ ಮಟ್ಟಿಗೆ ಹಿಂಡೋದನ್ನ ನಿಲ್ಲಿಸುತ್ತೆ. ಆಗ ಸರಿಯಾದ ಲೆಕ್ಕ ಸಿಗುತ್ತೆ. ಸ್ವಲ್ಪ ಉರಿಯುತ್ತೆ, ಅಷ್ಟೇ. ನೀವು ಇಲ್ಲಿ ಸಹಿ ಹಾಕಿ."

ನಾನು ಸಹಿ ಹಾಕಲಿಲ್ಲ. ಮಗುವಿನ ಕೈ ಹಿಡಿದು ಎದ್ದೆ. "ಮನುಷ್ಯರ ಸಂಕಟಕ್ಕೆ ಹನಿ ಹಾಕೋಕಾಗಲ್ಲ ಡಾಕ್ಟ್ರಮ್ಮ" ಎಂದು ಹೇಳಿ ಹೊರಟುಬಿಟ್ಟೆ. ಮಗುವಿಗೆ ಉರಿಯುತ್ತದೆಂಬ ಭಯವೊಂದೇ ಕಾರಣವೆಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ.

ರಾತ್ರಿ ಊಟದ ಹೊತ್ತಿಗೆ ಮಗಳಿಗೆ ವಿಷಯ ತಿಳಿಯಿತು. ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು.

"ಸಹಿ ಹಾಕೋಕೆ ನಿಮಗೇನಾಗಿತ್ತಪ್ಪಾ?"

"ಅವರು ಮಗು ದುಃಖವನ್ನ ಕಣ್ಣಿನ ರೋಗ ಅಂತಾರೆ."

"ಅಂದ್ರೆ ನಿಮಗೆ ರೋಗ ಬೇಡ, ದುಃಖನೇ ಬೇಕು! ಅವಳು ಕೆಳಗಿನ ಕ್ಲಾಸಿಗೆ ಹೋದ್ರೂ ಪರವಾಗಿಲ್ಲ, ಸಂಜೆ ನಿಮ್ಮ ಜೊತೆ ಕೂತು ಅತ್ತರೆ ಸಾಕು, ಅಲ್ವಾ?"

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಗಿಣಿಯ ಕಡೆಗೆ ತಿರುಗಿದೆ. ಅವಳಾದರೂ ನನ್ನ ಪರ ನಿಲ್ಲುತ್ತಾಳೆಂದು ಆಸೆ.

"ಪುಟ್ಟಿ, ನೀನೇ ಹೇಳು. ಅಜ್ಜಿ ನೆನಪಾಗಿ ತಾನೇ ನೀನು ಅಳೋದು?"

ಅವಳು ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು.

"ಪುಸ್ತಕ ತೆಗೆದ್ರೆ ಬರುತ್ತೆ ತಾತ. ಗಣಿತದ ಪುಸ್ತಕ ತೆಗೆದ್ರೂ ಬರುತ್ತೆ. ಅಕ್ಷರ ಎಲ್ಲ ಒಂದರ ಮೇಲೊಂದು ಹತ್ತಿಬಿಡುತ್ತೆ."

"ಮತ್ತೆ ನಾನು ತಲೆ ಸವರುವಾಗ ಯಾಕೆ ಹೇಳಲಿಲ್ಲ?"

"ನೀನು ಅಳ್ತಾ ಇದ್ದೆಯಲ್ಲ" ಎಂದಳು. "ನಾನು ಅಜ್ಜಿಗೋಸ್ಕರ ಅಳ್ತಾ ಇಲ್ಲ ಅಂದ್ರೆ ನಿನಗೆ ಬೇಜಾರಾಗಲ್ವಾ?"

ಮಗಳ ಮುಖದ ಸಿಟ್ಟು ಇಳಿಯಿತು. ನಾನು ಮೆಲ್ಲಗೆ ಕೇಳಿದೆ. "ಹಾಗಾದ್ರೆ ಅಜ್ಜಿ ನೆನಪು ಬರೋದೇ ಇಲ್ವಾ ಮಗು?"

"ಬರುತ್ತೆ. ಆಗ ಅಳು ಬರಲ್ಲ. ಶಾಲೆಯಿಂದ ಬಂದು ಎರಡನೇ ಮಹಡಿ ಮೆಟ್ಟಿಲ ಮೇಲೆ ಕೂತ್ಕೋತೀನಿ. ಅಲ್ಲಿ ಅಜ್ಜಿ ಸುಸ್ತಾಗಿ ಕೂರ್ತಾ ಇತ್ತಲ್ಲ, ಅಲ್ಲಿ. ನೀನು ಬೈತೀಯಲ್ಲ, ಮನೆಗೆ ಬರದೆ ಸೋಮಾರಿ ಹಾಗೆ ಕೂತಿದೀಯಾ ಅಂತ."

ಬೈದಿದ್ದೆ. ಒಂದಲ್ಲ, ಹತ್ತು ಸಲ ಬೈದಿದ್ದೆ. ಮೆಟ್ಟಿಲಿನಿಂದ ರಟ್ಟೆ ಹಿಡಿದು ಎಬ್ಬಿಸಿ ತಂದು, ಪುಸ್ತಕದ ಮುಂದೆ ಕೂರಿಸಿ, ಕಣ್ಣೀರು ಬಂದ ಕೂಡಲೇ ಸಮಾಧಾನ ಮಾಡಿದ್ದೆ. ತಲೆಕೆಳಗಾಗಿ ಕೂತ ಒಂದು ಅಕ್ಷರವನ್ನು ಸಾವಿರ ಅಕ್ಷರಗಳ ನಡುವೆ ಹಿಡಿಯುತ್ತಿದ್ದ ಕಣ್ಣು ನನ್ನದು. ಮನೆಯ ಮಗುವನ್ನು ಮಾತ್ರ ಪೂರ್ತಿ ತಪ್ಪಾಗಿ ಓದಿದ್ದೆ. ಆ ರಾತ್ರಿ ನಾನು ದೇವರಲ್ಲಿ ಏನನ್ನೂ ಬೇಡಲಿಲ್ಲ. ತಪ್ಪಾಯಿತು ಎಂದಷ್ಟೇ ಹೇಳಿ ಮಲಗಿದೆ.

ಶನಿವಾರ ಮತ್ತೆ ಹೋದೆವು. ಡಾಕ್ಟರಮ್ಮ ನನ್ನನ್ನು ಕಂಡು ಏನೂ ಕೇಳದೆ ಕಾಗದ ಮುಂದಿಟ್ಟರು. ಸಹಿ ಹಾಕಿದೆ.

ಹತ್ತು ನಿಮಿಷಕ್ಕೊಂದರಂತೆ ಹನಿ ಹಾಕಿದರು. ಮೊದಲ ಹನಿಗೆ ಗಿಣಿ ಕಾಲು ಬಡಿದಳು. "ಉರಿ ಉರಿ ಉರಿ! ಸ್ವಲ್ಪ ಅಂದ್ರಿ! ಇದು ಸ್ವಲ್ಪ ಅಲ್ಲ!"

"ಅಯ್ಯೋ, ನಾನು ನಿಮ್ಮ ತಾತನಿಗೆ ಹೇಳಿದ್ದು ಕಣೇ. ಅವರಿಗೆ ಸ್ವಲ್ಪನೇ ಉರಿಯೋದು" ಎಂದರು ಡಾಕ್ಟರಮ್ಮ. ಗಿಣಿ ಉರಿಯ ನಡುವೆಯೂ ನಕ್ಕುಬಿಟ್ಟಳು.

ಹೊರಗಿನ ಬೆಂಚಿನ ಮೇಲೆ ಮುಕ್ಕಾಲು ಗಂಟೆ ಕಾದೆವು. ಅವಳ ಪಾಪೆ ಅರಳಿ ಕಣ್ಣೆಲ್ಲ ಕಪ್ಪಾಗಿ ಕಂಡಿತು. ಒಳಗೆ ಕರೆದು ಮತ್ತೆ ಅದೇ ಪಟ್ಟಿ ತೋರಿಸಿದರು. ಗಿಣಿ ಬಾಯಿ ತೆರೆದವಳು ಹಾಗೆಯೇ ನಿಂತಳು.

"ತಾತ! ಕೆಳಗಿನ ಅಕ್ಷರ ಎಲ್ಲ ಹೋಯ್ತು!"

"ಮೇಲಿಂದ ಎಷ್ಟು ಸಾಲು ಕಾಣುತ್ತೆ?"

"ಒಂದು. ಎರಡನೇದು ಹೊಗೆ ಹಾಗಿದೆ. ತಾತ, ನನ್ನ ಕಣ್ಣು ಹೋಯ್ತಾ?" ಅವಳು ನನ್ನ ಅಂಗಿಯ ತೋಳನ್ನು ಬಿಗಿಯಾಗಿ ಹಿಡಿದಳು. ನಾನು ಡಾಕ್ಟರಮ್ಮನ ಮುಖ ನೋಡಿದೆ.

"ಹೋಗಿಲ್ಲ. ರಜದಲ್ಲಿದೆ" ಎಂದರು ಡಾಕ್ಟರಮ್ಮ. "ಹುಟ್ಟಿದಾಗಿನಿಂದ ದುಡೀತಾ ಇತ್ತು, ಒಂದು ದಿನ ರಜ ಕೊಟ್ಟಿದೀವಿ. ನಾಳೆ, ನಾಡಿದ್ದರ ಹೊತ್ತಿಗೆ ಮತ್ತೆ ಕೆಲಸಕ್ಕೆ ಬರುತ್ತೆ."

ದೀಪ ಆರಿತು. ಬೆಳಕಿನ ಕಡ್ಡಿ ಮತ್ತೆ ಆಡಿತು. ಈ ಸಲ ನಾನು ಅವರ ಬೆನ್ನ ಹಿಂದೆಯೇ ನಿಂತು ನೋಡಿದೆ. ಕೆಂಡದ ಹೊಳಪು ಬೆಳಕಿನ ಜೊತೆಗೇ ನಿಧಾನವಾಗಿ ಹೊರಳುತ್ತಿತ್ತು. ಒಂದು ಗಾಜು ಹಿಡಿದರು, ಹೊಳಪು ಚುರುಕಾಯಿತು. ಇನ್ನೂ ದಪ್ಪದ್ದು ಹಿಡಿದರು; ಇನ್ನೂ ಚುರುಕಾಯಿತು. ಆಮೇಲೆ ಒಂದು ಗಾಜಿಗೆ ಹೊರಳುವುದೇ ನಿಂತು, ಪಾಪೆ ಪೂರ್ತಿ ಒಮ್ಮೆಗೇ ಬೆಳಗಿತು, ಒಮ್ಮೆಗೇ ಆರಿತು. ಡಾಕ್ಟರಮ್ಮ ಇನ್ನೊಂದು ಕಣ್ಣನ್ನೂ ನೋಡಿ ಮುಗಿಸಿ, ತಾವು ನಿಂತ ದೂರಕ್ಕೆ ಕಳೆಯಬೇಕಾದದ್ದನ್ನು ಮನಸ್ಸಿನಲ್ಲೇ ಕಳೆದು ಹೇಳಿದರು.

"ಎರಡೂ ಕಣ್ಣಿಗೆ ಪ್ಲಸ್ ಐದು. ಮೊನ್ನೆ ಎರಡು ಮೂರು ಅಂತ ಆಟ ಆಡಿಸ್ತಾ ಇತ್ತು. ಮಿಕ್ಕಿದ್ದೆಲ್ಲ ಬಚ್ಚಿಟ್ಕೊಂಡಿತ್ತು."

"ಶಾಲೆಯಲ್ಲಿ ಪ್ರತಿ ವರ್ಷ ಉತ್ತಮ ಅಂತ ಬರೆದು ಕೊಡ್ತಿದ್ರಲ್ಲಮ್ಮ."

"ಅವರದ್ದೂ ತಪ್ಪಲ್ಲ. ಅವರು ಕೇಳಿದ್ದು ಕಾಣುತ್ತಾ ಅಂತ. ಕಾಣ್ತಿತ್ತು. ಕಾಣೋದಕ್ಕೆ ಎಷ್ಟು ಕಷ್ಟಪಡ್ತಿದೀಯಾ ಅಂತ ಆ ಪಟ್ಟಿ ಕೇಳಲ್ಲ."

ಅವರು ಐದರ ಗಾಜುಗಳನ್ನು ಚೌಕಟ್ಟಿಗೆ ಇಳಿಸಿದರು. ಗಿಣಿ ಮೇಲಿನಿಂದ ಕೊನೆಯ ಸಾಲಿನವರೆಗೆ ಮೆಲ್ಲಗೆ ಓದಿದಳು. ಈ ಸಲ ಒಂದೇ ಉಸಿರಿನಲ್ಲಿ ಅಲ್ಲ. ಒಂದೊಂದು ಅಕ್ಷರದ ಮೇಲೂ ನಿಂತು, ನೋಡಿ, ಓದಿದಳು.

ಕನ್ನಡಕ ಬುಧವಾರ ಬಂತು. ಕಣ್ಣು ಹಳೆಯ ಚಾಳಿಯನ್ನು ಒಮ್ಮೆಗೇ ಬಿಡುವುದಿಲ್ಲ, ಮೊದಲ ಕೆಲವು ದಿನ ದೂರದ್ದು ಮಸುಕೆನ್ನಿಸಬಹುದು, ಆದರೂ ತೆಗೆಯಬಾರದು ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಗಿಣಿ ಕಿಟಕಿಯ ಹತ್ತಿರ ನಿಂತು, "ಬಸ್ಸಿನ ನಂಬರು ಹೋಯ್ತು! ಇದ್ದದ್ದನ್ನೂ ಕಿತ್ಕೊಂಡ್ರು!" ಎಂದು ರಂಪ ಮಾಡಿದಳು. ಅವಳ ಅಮ್ಮ, "ನೀನೇನು ಕಂಡಕ್ಟರಾ? ಬಸ್ಸು ತಾನಾಗೇ ಬರುತ್ತೆ, ನೀನು ಪುಸ್ತಕ ನೋಡು" ಎಂದಳು.

ಸೋಮವಾರಕ್ಕೆ ಹನ್ನೆರಡು ದಿನ ಉಳಿದಿತ್ತು. ನಾನು ಅವಳ ಎದುರು ಕೂತೆ. ಓದಿಹೇಳಲಿಲ್ಲ, ಪ್ರಾರ್ಥನೆ ಪುಸ್ತಕವನ್ನೂ ಕೊಡಲಿಲ್ಲ. ಶಾಲೆಯ ಪುಸ್ತಕವನ್ನೇ ತೆರೆಸಿದೆ. ಆಗ ತಿಳಿಯಿತು, ಅವಳಿಗೆ ಓದುವುದೇ ಸರಿಯಾಗಿ ಬರುವುದಿಲ್ಲವೆಂದು. ನಾಲ್ಕು ವರ್ಷ ಕಿವಿಯಿಂದ ಕಲಿತವಳು; ಒತ್ತಕ್ಷರ ಬಂದರೆ ಮುಗ್ಗರಿಸುತ್ತಿದ್ದಳು, ಸಾಲು ಮುಗಿಯುವ ಮೊದಲೇ ಊಹಿಸಿ ಏನೋ ಒಂದು ಹೇಳಿಬಿಡುತ್ತಿದ್ದಳು. ಕನ್ನಡಕ ಅದನ್ನೆಲ್ಲ ಸರಿಮಾಡಲಿಲ್ಲ. ಆದರೆ ಅರ್ಧ ಗಂಟೆ ಕಳೆಯಿತು, ಮುಕ್ಕಾಲು ಗಂಟೆ ಕಳೆಯಿತು, ಅವಳ ಕಣ್ಣು ಒಣಗಿಯೇ ಇತ್ತು. ನಾನು ಆ ಒಣ ಕಣ್ಣುಗಳನ್ನೇ ನೋಡುತ್ತಿದ್ದೆ. ಒಳಗೆಲ್ಲೋ ಒಂದು ಮೂಲೆಯಲ್ಲಿ, ಅವು ಮತ್ತೆ ತುಂಬಬಾರದೇ ಎಂದು ನನ್ನ ಪಾಪಿ ಮನಸ್ಸು ಕಾಯುತ್ತಿತ್ತು. ಅದನ್ನು ಗದರಿಸಿ ಕೂರಿಸಿದೆ.

ಸೋಮವಾರ ಮೇಡಂ ತಮ್ಮ ಕೋಣೆಯಲ್ಲಿ ಅವಳನ್ನು ಕೂರಿಸಿ, ಬೇರೆ ಯಾವುದೋ ಪುಸ್ತಕದ ನಡುವಿನ ಒಂದು ಪುಟ ತೆರೆದು ಕೊಟ್ಟರು. ನನ್ನನ್ನು ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂರಿಸಿದರು. "ನೀವು ಬಾಯಿ ಬಿಡೋ ಹಾಗಿಲ್ಲ" ಎಂದರು.

ಒಬ್ಬ ದೋಣಿಯವನು ದಡದಲ್ಲಿ ಕಾಯುತ್ತಿರುವುದರ ಬಗ್ಗೆ ಇತ್ತು ಆ ಪುಟ. ಗಿಣಿ ಬೆರಳಿಟ್ಟು ಓದತೊಡಗಿದಳು. ಎರಡನೇ ಸಾಲಿನಲ್ಲೇ ಎಡವಿದಳು. ಹಿಂದಕ್ಕೆ ಹೋಗಿ ಮತ್ತೆ ಓದಿದಳು. ಒಂದು ಪದವನ್ನು ಊಹಿಸಿ ತಪ್ಪು ಹೇಳಿ, ತಾನೇ ನಿಂತು, ಹತ್ತಿರ ಬಾಗಿ ನೋಡಿ ತಿದ್ದಿಕೊಂಡಳು. ಐದನೇ ಸಾಲಿನಲ್ಲಿ ಇನ್ನೊಂದು ತಪ್ಪಾಯಿತು. ಅದು ಅವಳಿಗೆ ತಿಳಿಯಲಿಲ್ಲ. ನನ್ನ ನಾಲಗೆಯ ತುದಿಗೆ ಬಂದಿತ್ತು. ಮೊಣಕಾಲನ್ನು ಬಿಗಿಯಾಗಿ ಹಿಡಿದುಕೊಂಡು ಕೂತೆ. ಹನ್ನೆರಡು ಸಾಲಿಗೆ ಅವಳು ಎಂಟು ನಿಮಿಷ ತೆಗೆದುಕೊಂಡಳು.

ಮೇಡಂ ಪುಸ್ತಕ ಮುಚ್ಚಿದರು. "ದೋಣಿಯವನು ಯಾರಿಗೋಸ್ಕರ ಕಾಯ್ತಿದ್ದ?"

"ತಮ್ಮನಿಗೆ. ಆದ್ರೆ ತಮ್ಮ ಸೇತುವೆ ಮೇಲೆ ಬಂದುಬಿಟ್ಟ. ದೋಣಿಯವನಿಗೆ ಗೊತ್ತೇ ಇಲ್ಲ, ಇನ್ನೂ ಕಾಯ್ತಾ ಇದಾನೆ. ಮೇಡಂ, ಮುಂದಿನ ಪುಟದಲ್ಲಿ ಗೊತ್ತಾಗುತ್ತಾ?"

"ನೀನೇ ಓದಿ ನೋಡು" ಎಂದು ಮೇಡಂ ಪುಸ್ತಕವನ್ನು ಅವಳ ಕೈಗೇ ಕೊಟ್ಟರು. ನನ್ನ ಕಡೆ ತಿರುಗಿ, "ತುಂಬ ಹಿಂದಿದಾಳೆ. ವರ್ಷದ ಕೊನೆವರೆಗೆ ದಿನಾ ಸಂಜೆ ಅರ್ಧ ಗಂಟೆ ನಿಲ್ಲಿಸಿಕೊಳ್ತೀನಿ. ಇಲ್ಲೇ ಇರಲಿ" ಎಂದರು.

ಗಿಣಿ ಎದ್ದಳು. ಕನ್ನಡಕವನ್ನು ಮೂಗಿನ ಮೇಲೆ ಒತ್ತಿಕೊಂಡು, "ತಾತ, ನೀನು ಮನೆಗೆ ಹೋಗು, ನನ್ನ ಕ್ಲಾಸು ಶುರುವಾಗಿದೆ" ಎಂದಳು. ಪುಸ್ತಕ ಎದೆಗೊತ್ತಿಕೊಂಡು ಓಡಿದಳು. ತಿರುಗಿ ನೋಡಲಿಲ್ಲ.

ನಾನು ಶಾಲೆಯ ಗೇಟು ದಾಟಿ ನಡೆದೆ. ಇನ್ನು ಮೇಲೆ ಸಂಜೆಯ ಅರ್ಧ ಗಂಟೆ ಅವಳು ಶಾಲೆಯಲ್ಲಿರುತ್ತಾಳೆ. ನಾನು ಪ್ರಾರ್ಥನೆಗೆ ಒಬ್ಬನೇ ಕೂರಬೇಕು. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತಾಗ ನನ್ನ ಕಣ್ಣು ತುಂಬಿತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಯಾರಾದರೂ ಇರಬೇಕೆಂದು ನಾನು ಬಯಸಲೂ ಇಲ್ಲ. ಹೆಂಡತಿಯ ಹೆಸರನ್ನು ಒಮ್ಮೆ ಬಾಯಿಬಿಟ್ಟು ಹೇಳಿದೆ. ಎರಡು ಬಸ್ಸುಗಳನ್ನು ಹೋಗಲು ಬಿಟ್ಟು, ಮೂರನೆಯದನ್ನು ಹತ್ತಿದೆ.